ರಕ್ತದ ಮೇಲೆ ಹೊರಿಸಿದ ಆರೋಪಪಟ್ಟಿ

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ಹಳೆಯದು, ಆದರೆ ಅದರ ಬಳಕೆಗೆ ಮುಪ್ಪಿಲ್ಲ. ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಅದು ಹಿಂದಿನ ಬೆಂಚಿನ ಹುಡುಗನ ಬಗ್ಗೆ ತೀರ್ಪಾಗುತ್ತದೆ. ಪೊಲೀಸ್ ಠಾಣೆಯಲ್ಲಿ ಒಂದು ಕೇರಿಯ ವಿರುದ್ಧ ಸಾಕ್ಷ್ಯವಾಗುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಖಾಂದಾನಿನ ವಿಚಾರಣೆಯಾಗುತ್ತದೆ. ರಾಜಕೀಯ ವೇದಿಕೆಯಲ್ಲಂತೂ ಒಂದಿಡೀ ಸಮುದಾಯದ ಕಡೆಗೆ ಬೆರಳು ತೋರಿಸಲು ಅದಕ್ಕಿಂತ ಸುಲಭದ ಆಯುಧ ಇನ್ನೊಂದಿಲ್ಲ. ‘ಅವರ ರಕ್ತವೇ ಅಂಥದ್ದು’ ಎಂದರಾಯಿತು, ಮುಂದೆ ವಾದವೂ ಬೇಡ, ಪುರಾವೆಯೂ ಬೇಡ. ಇತ್ತೀಚಿನ ವರ್ಷಗಳಲ್ಲಿ ಈ ಮಾತಿಗೆ ಹೊಸ ಉಡುಪು ದೊರೆತಿದೆ. ರಕ್ತ ಎನ್ನುತ್ತಿದ್ದವರು ಜೀನ್ ಎನ್ನುತ್ತಾರೆ, ವಂಶ ಎನ್ನುತ್ತಿದ್ದವರು ಡಿಎನ್‌ಎ ಎನ್ನುತ್ತಾರೆ. ಉಡುಪು ವಿಜ್ಞಾನದ್ದು, ಒಳಗಿರುವುದು ಮಾತ್ರ ಅದೇ ಹಳೆಯ ಪೂರ್ವಗ್ರಹ.

ಹಾಗೆಂದು ಹುಟ್ಟಿನಿಂದ ಬರುವುದು ಏನೂ ಇಲ್ಲ ಎಂದು ವಾದಿಸಿದರೆ ಅದೂ ಸುಳ್ಳಾಗುತ್ತದೆ. ಮೂರು ಮಕ್ಕಳನ್ನು ಹೆತ್ತ ಯಾವ ತಾಯಿಯನ್ನು ಬೇಕಾದರೂ ಕೇಳಿ ನೋಡಿ. ಒಂದೇ ಮನೆ, ಒಂದೇ ತೊಟ್ಟಿಲು. ಆದರೂ ಒಂದು ಮಗು ಮೊದಲ ದಿನದಿಂದಲೇ ಶಾಂತ, ಇನ್ನೊಂದು ಹಟಮಾರಿ, ಮತ್ತೊಂದು ಅಪರಿಚಿತರನ್ನು ಕಂಡರೆ ತಾಯಿಯ ಸೆರಗಿನಲ್ಲಿ ಮುಖ ಮರೆಸುವಂಥದ್ದು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಜ್ಞರು 1979ರಿಂದ ಎರಡು ದಶಕಗಳ ಕಾಲ ಅಧ್ಯಯನ ಮಾಡಿದರು. ಸ್ವಭಾವದಲ್ಲಿ, ಅಭಿರುಚಿಯಲ್ಲಿ, ಬುದ್ಧಿಪರೀಕ್ಷೆಯ ಅಂಕಗಳಲ್ಲಿ ಅವರು ಕಂಡ ಹೋಲಿಕೆ ತಳ್ಳಿಹಾಕುವಂಥದ್ದಲ್ಲ. ಆದ್ದರಿಂದ ವಂಶವಾಹಿಗಳು ಇವೆಯೇ ಇಲ್ಲವೇ ಎಂಬುದು ಇಲ್ಲಿನ ತಕರಾರಲ್ಲ. ಅವುಗಳ ಹೆಸರಿನಲ್ಲಿ ಯಾರು ಯಾರ ಮೇಲೆ ತೀರ್ಪು ಬರೆಯುತ್ತಿದ್ದಾರೆ, ಆ ತೀರ್ಪಿನಿಂದ ಯಾರ ಬಾಗಿಲು ಮುಚ್ಚುತ್ತಿದೆ ಎಂಬುದೇ ತಕರಾರು.

ಚರಿತ್ರೆಯನ್ನು ತೆರೆದು ನೋಡಿದರೆ ಈ ತೀರ್ಪು ಸದಾ ಮೇಲಿನಿಂದ ಕೆಳಕ್ಕೇ ಹರಿದಿದೆ. 1869ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ತನ್ನ ನಾಡಿನ ನ್ಯಾಯಾಧೀಶರು, ರಾಜನೀತಿಜ್ಞರು, ಸೇನಾನಿಗಳ ಕುಟುಂಬಗಳನ್ನು ಪಟ್ಟಿ ಮಾಡಿ, ಪ್ರತಿಭೆ ವಂಶದಿಂದ ಬರುತ್ತದೆ ಎಂದು ಸಾರಿದ. ನ್ಯಾಯಾಧೀಶನ ಮಗನಿಗೆ ಒಳ್ಳೆಯ ಶಾಲೆಯಿತ್ತು, ಪುಸ್ತಕವಿತ್ತು, ಕೈ ಹಿಡಿದು ಮೇಲೆತ್ತುವ ಬಂಧುಗಳಿದ್ದರು ಎಂಬುದೆಲ್ಲ ಅವನ ಲೆಕ್ಕದಲ್ಲಿ ಗೌಣವಾಯಿತು. 1883ರಲ್ಲಿ ಅವನೇ ‘ಯುಜೆನಿಕ್ಸ್’ ಎಂಬ ಪದವನ್ನು ಟಂಕಿಸಿದ. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕು, ಕೆಟ್ಟ ತಳಿಯವರನ್ನು ಕಡಿಮೆ ಮಾಡಬೇಕು ಎಂಬುದು ಅದರ ಸಾರ. ಯಾವುದು ಒಳ್ಳೆಯ ತಳಿ ಎಂದು ನಿರ್ಧರಿಸುವವರು ಯಾರು? ಸಹಜವಾಗಿಯೇ, ಪಟ್ಟಿ ಬರೆಯುವವರು!

ಇದರ ಪರಿಣಾಮವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಬ್ರಿಟಿಷ್ ಸರಕಾರ 1871ರಲ್ಲಿ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ಕಾಯಿದೆ 1911ರ ತಿದ್ದುಪಡಿಯ ಬಳಿಕ ಇತರ ಪ್ರಾಂತಗಳಿಗೂ ಹರಡಿತು. ಪಟ್ಟಿಯಲ್ಲಿ ಸೇರಿದ ಸಮುದಾಯದವನು ಜೀವನದಲ್ಲಿ ಒಂದು ಹುಲ್ಲುಕಡ್ಡಿಯನ್ನು ಕದಿಯದಿದ್ದರೂ ಠಾಣೆಗೆ ಹಾಜರಿ ಕೊಡಬೇಕು, ಪಾಸ್ ಇಲ್ಲದೆ ಊರು ಬಿಡಬಾರದು. ಅವನ ಅಪರಾಧ ಹುಟ್ಟಿದ್ದು, ಅಷ್ಟೆ.

ನಮ್ಮ ವಿಜಾಪುರ, ಹುಬ್ಬಳ್ಳಿಗಳಲ್ಲಿ ಈ ಕಾಯಿದೆಯಡಿ ತಂತಿಬೇಲಿಯ ವಸತಿಗಳು ಎದ್ದವು. ಹುಬ್ಬಳ್ಳಿಯ ಜನರ ಬಾಯಲ್ಲಿ ಆ ಜಾಗ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಉಳಿದಿದೆ. ಅಲ್ಲಿಗೆ ದೂಡಲ್ಪಟ್ಟವರಲ್ಲಿ ಗಂಟಿಚೋರರಿದ್ದರು. ಸಮುದಾಯದ ಹೆಸರಿಗೇ ಅಂಟಿಸಿದ ‘ಚೋರ’ ಎಂಬ ಪದ ಕರ್ನಾಟಕದ ಪರಿಶಿಷ್ಟ ಜಾತಿಗಳ ಸರಕಾರಿ ಪಟ್ಟಿಯಿಂದ ಇನ್ನೂ ಅಳಿದಿಲ್ಲ. ವಿಜಾಪುರದ ಕಡೆ ಹೀಗೆ ಹಣೆಪಟ್ಟಿ ಹೊತ್ತವರಲ್ಲಿ ಚಪ್ಪರಬಂದರೂ ಇದ್ದರು ಎಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಅವರು ಮುಸ್ಲಿಮರು. ಮನೆಗಳಿಗೆ ಚಪ್ಪರ ಹೊದಿಸುವ ಕಸುಬಿನ ಹೆಸರನ್ನು ಹೊತ್ತವರು. ಬ್ರಿಟಿಷ್ ಪೊಲೀಸರ ಕಡತಗಳಲ್ಲಿ ಅವರು ಹುಟ್ಟಿನಿಂದಲೇ ನಕಲಿ ನಾಣ್ಯ ತಯಾರಕರಾದರು.

ವಿಚಿತ್ರವೆಂದರೆ, ಈ ಕಾಯಿದೆಯನ್ನು ಮಾಡಿದವರಿಗೇ ತಮ್ಮ ತರ್ಕದಲ್ಲಿ ನಂಬಿಕೆಯಿರಲಿಲ್ಲ. 1897ರ ತಿದ್ದುಪಡಿಯು ನಾಲ್ಕು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ವಸತಿಗಳಲ್ಲಿ ಇಡಲು ಅವಕಾಶ ಕೊಟ್ಟಿತು. ಕಳ್ಳತನ ರಕ್ತದಲ್ಲೇ ಇದ್ದರೆ ಮಗುವನ್ನು ತಾಯಿಯ ಮಡಿಲಿನಿಂದ ಕಿತ್ತು ಒಯ್ದು ಸುಧಾರಿಸುವುದಾದರೂ ಏನನ್ನು? ಬೇರೆ ವಾತಾವರಣದಲ್ಲಿ ಬೆಳೆದ ಮಗು ಬೇರೆಯೇ ಆಗುತ್ತದೆ ಎಂದು ಗೊತ್ತಿದ್ದ ಸರಕಾರ, ಆ ವಾತಾವರಣವನ್ನು ತಂದೆತಾಯಿಯರಿಗೂ ಮಕ್ಕಳಿಗೂ ಒಟ್ಟಿಗೆ ಕೊಡುವ ಬದಲು ರಕ್ತದ ಮೇಲೆ ಆರೋಪಪಟ್ಟಿ ಹೊರಿಸಿತು. ಯಾಕೆಂದರೆ ಭೂಮಿ, ಉದ್ಯೋಗ ಕೊಡುವುದಕ್ಕಿಂತ ಹಣೆಪಟ್ಟಿ ಕೊಡುವುದು ಅಗ್ಗ.

1952ರಲ್ಲಿ ಕಾಯಿದೆ ರದ್ದಾಯಿತು. ಹಣೆಪಟ್ಟಿ ರದ್ದಾಯಿತೇ? ರೂಢಿಗತ ಅಪರಾಧಿಗಳ ಕಾನೂನುಗಳ ರೂಪದಲ್ಲಿ ಅದೇ ಕಣ್ಗಾವಲು ಮುಂದುವರಿಯಿತು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಸುಪ್ರೀಮ್ ಕೋರ್ಟ್ ರದ್ದುಪಡಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ 1871ರ ಒಂದು ಸುಳ್ಳನ್ನು ಅಳಿಸಲು ಈ ದೇಶದ ಅತ್ಯುನ್ನತ ನ್ಯಾಯಾಲಯ 153 ವರ್ಷಗಳ ಬಳಿಕವೂ ಕೈಯಾಡಿಸಬೇಕಾಯಿತು.

ನ್ಯಾಯಾಲಯಗಳು ಸದಾ ಈ ಸುಳ್ಳಿನ ವಿರುದ್ಧವೇ ನಿಂತವು ಎಂದೂ ಭಾವಿಸಬೇಕಾಗಿಲ್ಲ. ಅಮೆರಿಕದ ವರ್ಜೀನಿಯ ರಾಜ್ಯದ ಕ್ಯಾರಿ ಬಕ್ ಎಂಬ ಬಡ ಹುಡುಗಿ ಸಾಕುಮನೆಯಲ್ಲಿ ಬೆಳೆದವಳು. ಮನೆಗೆಲಸಕ್ಕಾಗಿ ಅವಳನ್ನು ಶಾಲೆಯಿಂದ ಬಿಡಿಸಲಾಯಿತು. ಆ ಮನೆಯ ಸಂಬಂಧಿಯೊಬ್ಬ ಎಸಗಿದ ಅತ್ಯಾಚಾರದಿಂದ ಅವಳು ಗರ್ಭಿಣಿಯಾದಾಗ, ಅವಳನ್ನೇ ಮಂದಬುದ್ಧಿಯವಳೆಂದು ಘೋಷಿಸಿ ಅವಳ ತಾಯಿಯಿದ್ದ ಸರಕಾರಿ ಆಶ್ರಮಕ್ಕೆ ತಳ್ಳಲಾಯಿತು. ತಾಯಿ ಮಂದಬುದ್ಧಿ, ಮಗಳು ಮಂದಬುದ್ಧಿ, ತಿಂಗಳುಗಳ ಪ್ರಾಯದ ಮೊಮ್ಮಗಳೂ ಹಾಗೆಯೇ ಎಂದು ವಾದಿಸಿದ ಅಧಿಕಾರಿಗಳು ಕ್ಯಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅನುಮತಿ ಕೋರಿದರು. 1927ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆ ‘ಮಂದಬುದ್ಧಿ’ಯ ಮೊಮ್ಮಗಳು ಮುಂದೆ ಶಾಲೆಗೆ ಸೇರಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದಳು. ಎಂಟು ವರ್ಷ ಪ್ರಾಯದಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅಮೆರಿಕದಲ್ಲಿ ಇಂಥ ಕಾನೂನುಗಳಡಿ 60 ಸಾವಿರಕ್ಕೂ ಹೆಚ್ಚು ಜನರು ಶಸ್ತ್ರಚಿಕಿತ್ಸೆಗೆ ಗುರಿಯಾದರು. 1933ರಲ್ಲಿ ಹಿಟ್ಲರನ ಜರ್ಮನಿ ಅಂಥದೇ ಕಾನೂನು ಮಾಡಿ ಸುಮಾರು ನಾಲ್ಕು ಲಕ್ಷ ಜನರ ಮೇಲೆ ಪ್ರಯೋಗಿಸಿತು. ಆ ದಾರಿ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತೆಂಬುದು ಜಗತ್ತಿಗೇ ಗೊತ್ತು.

ಇನ್ನು ವಿಜ್ಞಾನದ ಮಾತಿಗೆ ಬರೋಣ. ರಕ್ತದ ವಾದ ಮಾಡುವವರು ಒಂದು ಅಂಕಿಯನ್ನು ಮುಂದಿಡುತ್ತಾರೆ: ಇಂಥ ಗುಣದಲ್ಲಿ ನೂರಕ್ಕೆ ಇಷ್ಟು ಪಾಲು ಆನುವಂಶಿಕ. ಅಂಕಿ ಸುಳ್ಳಲ್ಲ, ಅದರ ಅರ್ಥವನ್ನು ತಿರುಚಲಾಗುತ್ತದೆ. ಮನುಷ್ಯನ ಎತ್ತರವನ್ನೇ ತೆಗೆದುಕೊಳ್ಳಿ. ಒಂದು ಸಮಾಜದ ಜನರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ 80 ಪಾಲು ವಂಶವಾಹಿಗಳದ್ದು. ಬುದ್ಧಿ, ಸ್ವಭಾವಗಳಿಗಿಂತಲೂ ಹೆಚ್ಚು. ಹಾಗಿದ್ದರೂ 2016ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ, ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಮಹಿಳೆಯರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರ್ ಎತ್ತರ. ನೂರು ವರ್ಷಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಹಾಗೆ ಬದಲಾಗುವುದಿಲ್ಲ. ಬದಲಾದದ್ದು ಊಟದ ತಟ್ಟೆ, ಕುಡಿಯುವ ನೀರು, ಆಸ್ಪತ್ರೆ. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ಮಕ್ಕಳು ಪ್ರಾಯಕ್ಕೆ ತಕ್ಕ ಎತ್ತರವಿಲ್ಲದವರು. ಅವರ ತಂದೆ ಗಿಡ್ಡ, ಹಾಗಾಗಿ ಮಗುವೂ ಗಿಡ್ಡ ಎಂದು ಕೈ ತೊಳೆದುಕೊಳ್ಳೋಣವೇ?

ಇದಕ್ಕಿಂತಲೂ ಕಣ್ತೆರೆಸುವ ಉದಾಹರಣೆಯೊಂದಿದೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ರೋಗ ಪೂರ್ಣವಾಗಿ ವಂಶವಾಹಿಯ ದೋಷದಿಂದ ಬರುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಪಡೆದ ಮಗುವಿಗೆ ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಅರಗಿಸಿಕೊಳ್ಳಲಾಗದೆ, ಅದು ಮೈಯಲ್ಲಿ ಶೇಖರವಾಗಿ ಮಿದುಳನ್ನು ಹಾಳು ಮಾಡುತ್ತದೆ. ನಾರ್ವೆಯಲ್ಲಿ ತನ್ನ ಇಬ್ಬರು ಮಕ್ಕಳನ್ನು ಎತ್ತಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆದ ತಾಯಿಯೊಬ್ಬಳ ಹಟದಿಂದಾಗಿ 1934ರಲ್ಲಿ ಫೋಲಿಂಗ್ ಎಂಬ ವೈದ್ಯ ಇದನ್ನು ಪತ್ತೆಹಚ್ಚಿದ. 1950ರ ದಶಕದಲ್ಲಿ ಆಹಾರದ ಪಥ್ಯ ಬಂತು. 1960ರ ದಶಕದಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದು ತೊಟ್ಟು ರಕ್ತದಲ್ಲೇ ರೋಗವನ್ನು ಗುರುತಿಸುವ ಪರೀಕ್ಷೆ ಬಂತು. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಆರಂಭಿಸಿದರೆ ಆ ಮಗು ಇತರ ಮಕ್ಕಳಂತೆಯೇ ಶಾಲೆಗೆ ಹೋಗುತ್ತದೆ. ಯೋಚಿಸಿ ನೋಡಿ. ಕಾರಣ ಪೂರ್ಣವಾಗಿ ಹುಟ್ಟಿನದ್ದು, ಪರಿಹಾರವಿರುವುದು ಅಡುಗೆಮನೆಯಲ್ಲಿ. ಹುಟ್ಟಿನಿಂದ ಬಂದದ್ದು ಎಂಬ ಮಾತಿಗೆ ಬದಲಿಸಲಾಗದ್ದು ಎಂಬ ಅರ್ಥವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಹಾಗಾದರೆ ಬಾಳಿನ ಅನುಭವ ಎಷ್ಟು ಆಳಕ್ಕೆ ಇಳಿಯುತ್ತದೆ? ಉತ್ತರವನ್ನು ರೊಮೇನಿಯಾದ ಅನಾಥಾಲಯಗಳಲ್ಲಿ ಹುಡುಕಬೇಕು. ಜನಸಂಖ್ಯೆ ಹೆಚ್ಚಿಸಲು ಚೌಸೆಸ್ಕು ಸರಕಾರ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾಗದ ಬಡವರ ಮಕ್ಕಳು ಅನಾಥಾಲಯಗಳನ್ನು ತುಂಬಿದರು. 1989ರಲ್ಲಿ ಆ ಆಡಳಿತ ಕುಸಿದಾಗ ಜಗತ್ತು ಕಂಡದ್ದು ಸಾಲು ತೊಟ್ಟಿಲುಗಳಲ್ಲಿ ಎತ್ತಿಕೊಳ್ಳುವವರಿಲ್ಲದೆ ಮಲಗಿದ್ದ ಲಕ್ಷಕ್ಕೂ ಮಿಕ್ಕಿದ ಮಕ್ಕಳನ್ನು. ಅಲ್ಲಿ ಹೊಟ್ಟೆಗೆ ಏನೋ ಸಿಗುತ್ತಿತ್ತು, ಮಡಿಲು ಸಿಗುತ್ತಿರಲಿಲ್ಲ. 2000ನೇ ವರ್ಷದಲ್ಲಿ ಬುಕಾರೆಸ್ಟ್‌ನಲ್ಲಿ ತಜ್ಞರು ಇಂಥ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಿದರು. ನಾಲ್ಕೂವರೆ ವರ್ಷ ಪ್ರಾಯದಲ್ಲಿ ಪರೀಕ್ಷಿಸಿದಾಗ ಸಂಸ್ಥೆಯ ಗುಂಪಿನ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 73, ಸಾಕುಮನೆಯ ಗುಂಪಿನದ್ದು 81, ಹುಟ್ಟಿದ ಮನೆಗಳಲ್ಲೇ ಬೆಳೆದ ಮಕ್ಕಳದ್ದು 109. ಎರಡು ವರ್ಷ ತುಂಬುವ ಮೊದಲೇ ಮಡಿಲು ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಮೊದಲೆರಡು ಗುಂಪುಗಳನ್ನು ಬೇರ್ಪಡಿಸಿದ್ದು ರಕ್ತವಲ್ಲ, ಚೀಟಿ. ಒಂದು ಗುಂಪಿಗೆ ಎತ್ತಿಕೊಳ್ಳುವ ಕೈ ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ.

ಈ ಮಾತನ್ನು ನಮ್ಮ ಸಮುದಾಯಕ್ಕೆ ಅನ್ವಯಿಸಿ ನೋಡಿ. ಮುಸ್ಲಿಮರಿಗೆ ಓದು ಹಿಡಿಸದು, ಅದು ಅವರ ಹುಟ್ಟುಗುಣ ಎಂಬ ಮಾತು ಈ ದೇಶದಲ್ಲಿ ಎಷ್ಟು ಸಲೀಸಾಗಿ ಕೇಳಿಬರುತ್ತದೆ! 2001ರ ಜನಗಣತಿಯ ಪ್ರಕಾರ ಮುಸ್ಲಿಮರ ಸಾಕ್ಷರತೆ ಬಿಹಾರದಲ್ಲಿ ನೂರಕ್ಕೆ 42, ಕರ್ನಾಟಕದಲ್ಲಿ 70, ಕೇರಳದಲ್ಲಿ 89. ಕರ್ನಾಟಕದ ಈ ಪ್ರಮಾಣ ರಾಜ್ಯದ ಆಗಿನ ಒಟ್ಟು ಸರಾಸರಿಗಿಂತಲೂ ಹೆಚ್ಚು. ಒಂದೇ ಸಮುದಾಯ ಮೂರು ರಾಜ್ಯಗಳಲ್ಲಿ ಮೂರು ಬಗೆಯಾಗಿರುವುದು ಹೇಗೆ? ಶಾಲೆ ಎಷ್ಟು ದೂರದಲ್ಲಿದೆ, ಶಿಕ್ಷಕ ಬರುತ್ತಾನೋ ಇಲ್ಲವೋ, ಕಲಿತವನಿಗೆ ಕೆಲಸ ಸಿಗುತ್ತದೋ ಇಲ್ಲವೋ, ಸಮುದಾಯದ ಒಳಗೆ ಸುಧಾರಣೆಯ ಗಾಳಿ ಬೀಸಿದೆಯೋ ಇಲ್ಲವೋ ಎಂಬುದರಿಂದ ಅಲ್ಲವೇ? ಇದೇ ಕೇರಳದ ಮಲಬಾರಿನ ಮಾಪಿಳ್ಳೆಯರನ್ನು ಬ್ರಿಟಿಷರು ಹುಟ್ಟಾ ಮತಾಂಧರೆಂದು ಬಗೆದು 1854ರಲ್ಲಿ ಅವರಿಗೆಂದೇ ಪ್ರತ್ಯೇಕ ದಮನಕಾರಿ ಕಾನೂನು ತಂದಿದ್ದರು. ಅವರ ಮರಿಮಕ್ಕಳು ಇಂದು ದೇಶದ ಅತ್ಯಂತ ಸಾಕ್ಷರ ಮುಸ್ಲಿಮರಲ್ಲಿ ಸೇರಿದ್ದಾರೆ. ಬದಲಾದದ್ದು ಅವರ ರಕ್ತವಲ್ಲ, ಅವರಿಗೆ ದೊರೆತ ಅವಕಾಶ. ಈ ಅವಕಾಶದ ಲೆಕ್ಕವನ್ನು ಮುಂದಿಟ್ಟದ್ದೇ 2006ರ ಸಾಚಾರ್ ವರದಿ. 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ 25 ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ಅರ್ಧದಲ್ಲೇ ಇಳಿದಿದ್ದಾರೆ ಎಂದು ಅದು ಹೇಳಿತ್ತು. ಇದಕ್ಕೆ ಉತ್ತರ ಕೊಡಬೇಕಾದ ಸರಕಾರಗಳಿಗೆ ಹುಟ್ಟುಗುಣದ ಮಾತು ಎಷ್ಟು ಅನುಕೂಲ!

ಆದರೆ ಹುಟ್ಟನ್ನು ಪೂರ್ತಿ ಅಲ್ಲಗಳೆದು ಎಲ್ಲವನ್ನೂ ಸಾಕಿದವರ ತಲೆಗೆ ಕಟ್ಟುವುದೂ ಅಷ್ಟೇ ಕ್ರೂರ. ಮಾತಾಡದ, ಕಣ್ಣಿಗೆ ಕಣ್ಣಿಟ್ಟು ನೋಡದ ಆಟಿಸಮ್ ಮಗುವನ್ನು ಕಂಡಾಗ, ತಾಯಿಯ ಮಮತೆ ಬತ್ತಿದ್ದರಿಂದಲೇ ಮಗು ಹೀಗಾಯಿತು ಎಂದು ಕಳೆದ ಶತಮಾನದ ಮಧ್ಯಭಾಗದಲ್ಲಿ ಹೆಸರಾಂತ ಮನಶ್ಶಾಸ್ತ್ರಜ್ಞರೇ ಬರೆದರು. 1967ರಲ್ಲಿ ಬ್ರೂನೋ ಬೆಟೆಲ್‌ಹೈಮ್‌ನ ಪುಸ್ತಕ ಆ ಆರೋಪವನ್ನು ಮನೆಮನೆಗೆ ತಲುಪಿಸಿತು. ಸಾವಿರಾರು ತಾಯಂದಿರು ಮಾಡದ ತಪ್ಪಿಗೆ ಕೊರಗಿದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಆಟಿಸಮ್‌ನಲ್ಲಿ ವಂಶವಾಹಿಗಳ ಪಾತ್ರವನ್ನು ತೋರಿಸಿದ ಬಳಿಕವೇ ಆ ತಾಯಂದಿರ ಮೇಲಿನ ಕಳಂಕ ಕರಗತೊಡಗಿತು. ಹಾಗೆಯೇ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾದಲ್ಲಿ ವಂಶವಾಹಿಗಳ ಪಾತ್ರ ಸ್ಪಷ್ಟ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬನಿಗೆ ಅದು ಬಂದರೆ ಇನ್ನೊಬ್ಬನಿಗೆ ಬರುವ ಸಂಭವ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ. ಅಂದರೆ ವಿಜ್ಞಾನ ರಕ್ತವನ್ನೂ ನೇಣಿಗೆ ಹಾಕುವುದಿಲ್ಲ, ತಾಯಿಯನ್ನೂ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಮಗು ಯಾಕೆ ಹೀಗಿದೆ ಎಂದು ತಿಳಿದುಕೊಂಡು ಅದಕ್ಕೆ ಬೇಕಾದದ್ದನ್ನು ಕೊಡಿ ಎಂಬುದಷ್ಟೇ ಅದರ ಕೋರಿಕೆ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಹೊರಗಿನವರು ನಮ್ಮ ರಕ್ತದ ಬಗ್ಗೆ ಮಾತಾಡಿದರೆ ಕೆರಳುವ ನಾವು, ನಮ್ಮೊಳಗೇ ಏನು ಮಾಡುತ್ತಿದ್ದೇವೆ? ವಂಶದ ಹೆಮ್ಮೆಯನ್ನು ತೊಡೆದುಹಾಕಿದ ಪ್ರವಾದಿಯವರ(ಸ) ವಿದಾಯ ಭಾಷಣವನ್ನು ಪ್ರತಿ ವೇದಿಕೆಯಲ್ಲೂ ನೆನಪಿಸುವ ನಾವು, ಮದುವೆ ಮಾತುಕತೆಯಲ್ಲಿ ಮೊದಲು ಕೇಳುವುದು ಖಾಂದಾನಿನ ಬಗ್ಗೆ. ಇವರು ಪಿಂಜಾರರು, ಅವರು ಕಸಾಯಿಗಳು, ಇವರಿಗೆ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದಿಲ್ಲ ಎನ್ನುವ ಬಾಯಿಗೂ 1871ರ ಕಾಯಿದೆ ಬರೆದ ಲೇಖನಿಗೂ ಏನು ವ್ಯತ್ಯಾಸ? ರಕ್ತದ ಬಗ್ಗೆ ನಿಜಕ್ಕೂ ಅಷ್ಟು ಕಾಳಜಿಯಿದ್ದರೆ ಮದುವೆಗೆ ಮುಂಚೆ ಕೇಳಬೇಕಾದದ್ದು ಬೇರೆಯೇ ಇದೆ. ಥಲಸ್ಸೇಮಿಯಾದ ವಾಹಕರಾಗಿರುವ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಆ ರೋಗ ತಗಲುವ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧಿಗಳು ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆಯಂತೂ ಹೆಚ್ಚು. ಇದನ್ನು ತಿಳಿಯಲು ರಕ್ತಪರೀಕ್ಷೆ ಸಾಕು. ಏಳು ತಲೆಮಾರಿನ ಖಾಂದಾನ್ ಕೆದಕುವ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಈ ಒಂದು ಪರೀಕ್ಷೆಯ ಬಗ್ಗೆ ಕೇಳಿದ್ದಾರೆ? ಗರ್ವಕ್ಕೆ ಬೇಕಾದ ರಕ್ತ ನಮಗೆ ಬೇಕು, ಎಚ್ಚರಿಸುವ ರಕ್ತ ಬೇಡ!

ಇದಕ್ಕಿಂತಲೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿರುವುದು ಇನ್ನೊಂದು ಮಾತು: ‘ನಮ್ಮ ಹುಡುಗನ ತಲೆಗೆ ಓದು ಹತ್ತುವುದಿಲ್ಲ, ಅವನಪ್ಪನೂ ಹಾಗೆಯೇ ಇದ್ದ.’ ಹೀಗೆಂದು ಹದಿನಾಲ್ಕರ ಹುಡುಗನನ್ನು ಗ್ಯಾರೇಜಿಗೆ ಸೇರಿಸುತ್ತೇವೆ. ಅವನಿಗೆ ಕಪ್ಪುಹಲಗೆ ಸರಿಯಾಗಿ ಕಾಣುತ್ತದೆಯೇ, ಅಕ್ಷರಗಳು ಅವನ ಕಣ್ಣಿಗೆ ಅದಲುಬದಲಾಗುತ್ತವೆಯೇ, ರಕ್ತಹೀನತೆಯಿಂದ ತರಗತಿಯಲ್ಲಿ ತೂಕಡಿಸುತ್ತಾನೆಯೇ ಎಂದು ಒಬ್ಬರೂ ವಿಚಾರಿಸಿರುವುದಿಲ್ಲ. ಒಂದು ಕನ್ನಡಕದಿಂದಲೋ ಕೆಲವು ತಿಂಗಳ ಕಬ್ಬಿಣದ ಮಾತ್ರೆಯಿಂದಲೋ ತೆರೆಯಬಹುದಾಗಿದ್ದ ಬದುಕಿಗೆ ನಾವು ವಂಶದ ಬೀಗ ಜಡಿಯುತ್ತೇವೆ. ಮುಂದೆ ಅವನ ಮಗನೂ ಶಾಲೆ ಬಿಟ್ಟಾಗ, ‘ನೋಡಿ, ರಕ್ತ!’ ಎನ್ನುತ್ತೇವೆ. ಸರಕಾರದ ಹಣೆಪಟ್ಟಿಯನ್ನು ವಿರೋಧಿಸುವ ನೈತಿಕ ಬಲ ಇಂಥ ಹಣೆಪಟ್ಟಿ ಹಚ್ಚುವ ಕೈಗೆ ಎಲ್ಲಿಂದ ಬರಬೇಕು?

ಆಗಬೇಕಾದದ್ದು ಏನೆಂಬುದು ಅಸ್ಪಷ್ಟವಾಗಿಲ್ಲ. ಬಸುರಿಯ ತಟ್ಟೆಯಲ್ಲಿ ಮೊಟ್ಟೆ, ಕಾಳು, ಸೊಪ್ಪು ಇರಬೇಕು. ಮನೆಯ ಉಪ್ಪು ಅಯೋಡಿನ್ ಇರುವಂಥದ್ದಾಗಿರಬೇಕು, ಯಾಕೆಂದರೆ ಅದರ ಕೊರತೆ ಹುಟ್ಟುವ ಮಗುವಿನ ಮಿದುಳನ್ನೇ ಕುಂಠಿತಗೊಳಿಸುತ್ತದೆ. ನವಜಾತ ಶಿಶುವಿನ ಥೈರಾಯ್ಡ್ ಪರೀಕ್ಷೆಯನ್ನು ಪ್ರತಿಯೊಂದು ಆಸ್ಪತ್ರೆಯಲ್ಲೂ ಕೇಳಿ ಮಾಡಿಸಬೇಕು, ಅದು ಎಲ್ಲ ಕಡೆ ಉಚಿತವಾಗಿ ದೊರೆಯುವಂತೆ ಸರಕಾರವನ್ನು ಒತ್ತಾಯಿಸಬೇಕು. 1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ ಈ ರಾಜ್ಯದಲ್ಲಿ ಆರಂಭವಾದ ಅಂಗನವಾಡಿ ವ್ಯವಸ್ಥೆ ನಮ್ಮ ಮೊಹಲ್ಲಾಗಳಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ಮಸೀದಿಯ ಜಮಾಅತ್ ಸಮಿತಿಗಳು ವಿಚಾರಿಸಬೇಕು. ಶಾಲೆ ಬಿಟ್ಟ ಪ್ರತಿಯೊಂದು ಮಗುವಿನ ಹೆಸರನ್ನು ಬರೆದಿಟ್ಟು, ಕಣ್ಣು, ಕಿವಿ, ರಕ್ತದ ತಪಾಸಣೆ ಮಾಡಿಸಿ, ಮರಳಿ ಬೆಂಚಿಗೆ ಕೂರಿಸುವ ಹೊಣೆಯನ್ನು ಹೊರಬೇಕು. ಶಾಮಿಯಾನಕ್ಕೆ, ದೀಪಾಲಂಕಾರಕ್ಕೆ ಸಂಗ್ರಹವಾಗುವ ಹಣದ ಒಂದು ಪಾಲು ಇದಕ್ಕೆ ಸಾಕು.

ಮಗು ಏನನ್ನು ಹೊತ್ತು ತರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಅದು ಬಂದು ಸೇರುವ ಮನೆ, ಬೀದಿ, ಶಾಲೆ, ಸರಕಾರ ನಮ್ಮ ಕೈಯಲ್ಲಿವೆ. ಕೈಯಲ್ಲಿಲ್ಲದ್ದರ ಮೇಲೆ ದೋಷ ಹೊರಿಸಿ ಕೈಯಲ್ಲಿರುವುದನ್ನು ಮಾಡದೆ ಕುಳಿತವರ ಹೊಣೆಗೇಡಿತನಕ್ಕೆ ಹುಟ್ಟುಗುಣ ಎಂಬ ಗೌರವದ ಹೆಸರು ಬೇಡ. ಅವರು ಸರಕಾರದಲ್ಲಿರಲಿ, ಶಾಲೆಯಲ್ಲಿರಲಿ ಅಥವಾ ನಮ್ಮದೇ ಮನೆಯ ಚಾವಡಿಯಲ್ಲಿರಲಿ, ಅವರಿಂದ ಲೆಕ್ಕ ಕೇಳುವ ಕಾಲ ಬಂದಿದೆ.